ಬರ್ತೀನಿ ಅನ್ನದ ಸೊಸೆ

ಮನೆಯಿಂದ ಹೊರಗೆ ಕಾಲಿಡುವವರು ಒಂದು ಮಾತು ಹೇಳಿ ಹೋಗಬೇಕು. ಮೂಲೆ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೋಗುವವನೂ "ಬರ್ತೀನಿ" ಅಂತಾನೆ, ಕಾಶಿಗೆ ಹೋಗುವವನೂ "ಬರ್ತೀನಿ" ಅಂತಾನೆ. "ಹೋಗ್ತೀನಿ" ಅಂದರೆ ಮನೆಯವರ ಎದೆ ಧಸಕ್ ಅನ್ನುತ್ತೆ. ಇನ್ನು ಏನೂ ಅನ್ನದೆ ಎದ್ದು ಹೋಗುವುದು ಸಾವಿನ ಮನೆಯಿಂದ ಮಾತ್ರ. ಮಣ್ಣು ಕೊಟ್ಟು, ಕೈಕಾಲು ತೊಳೆದು, ಯಾರ ಮುಖವನ್ನೂ ನೋಡದೆ ಬಂದುಬಿಡುತ್ತಾರಲ್ಲ, ಹಾಗೆ.

ಶಿಕಾರಿಪುರದ ನೀಲಾಂಬಿಕಮ್ಮನ ಸೊಸೆ ಗಂಗಾಶ್ರೀ ದಿನಾ ಬೆಳಗ್ಗೆ ಹಾಗೆ ಹೋಗುತ್ತಿದ್ದಳು. ತಲೆ ಬಾಚಿ, ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿ, ಬಾಯಿ ಹೊಲಿದುಕೊಂಡವಳ ಹಾಗೆ ಗೇಟು ದಾಟಿಬಿಡುವಳು. ಮೊದಮೊದಲು ನೀಲಾಂಬಿಕಮ್ಮ ಮರೆವು ಅಂದುಕೊಂಡಳು. ಆಮೇಲೆ ಕೊಬ್ಬು ಅಂದುಕೊಂಡಳು. ಕೊನೆಗೊಂದು ದಿನ ತಡೆಯಲಾರದೆ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ಕೇಳಿಯೇಬಿಟ್ಟಳು.

"ಯಾಕೆ ಗಂಗಾ, ಬರ್ತೀನಿ ಅಂದ್ರೆ ಬಾಯಿಂದ ಮುತ್ತು ಉದುರಿಹೋಗ್ತವಾ?"

ಗಂಗಾಶ್ರೀ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ, "ಸಂಜೆ ಸ್ಕೂಲು ಬಿಟ್ಟ ತಕ್ಷಣ ಮನೇಲಿರ್ತೀನಿ ಅತ್ತೆ," ಅಂದಳು.

"ನಾನು ಟೈಮು ಕೇಳಲಿಲ್ಲ."

"ಗೊತ್ತು," ಅಂದವಳು ಹೋಗಿಯೇಬಿಟ್ಟಳು. ಹೇಳಿ ಮತ್ತೆ, ಯಾವ ಅತ್ತೆಗೆ ಸಿಟ್ಟು ಬರಲ್ಲ? ಆ ದಿನ ಮಧ್ಯಾಹ್ನದವರೆಗೆ ನೀಲಾಂಬಿಕಮ್ಮ ಮಾತಾಡಲಿಲ್ಲ, ಅಡುಗೆಮನೆ ಪಾತ್ರೆಗಳೇ ಮಾತಾಡಿದವು. ಗಂಡ ಪರಮಶಿವಪ್ಪ ಎರಡು ಸಲ ಇಣುಕಿ ನೋಡಿ, ಕಾಫಿ ಕೇಳುವ ಧೈರ್ಯವಾಗದೆ ಜೋಳದ ಮಂಡಿಗೆ ಹೊರಟುಹೋದ.

ಈ ಸೊಸೆ ಮೊದಲು ಹೀಗಿರಲಿಲ್ಲ. ಅವಳೂ ಟೀಚರು, ಗಂಡ ಮಲ್ಲಿಕಾರ್ಜುನನೂ ಮೇಷ್ಟ್ರು. ಇವಳದು ಗಣಿತ, ಅವನದು ಫಿಸಿಕ್ಸು. ಮದುವೆಯಾದ ಮೇಲೆ ಪಾಠ ಹೇಳಲು ಮೊದಲು ಹೋಗಿದ್ದು ಮಾಲ್ಡೀವ್ಸಿಗೆ. ಒಲೆ ಮೇಲೆ ಅನ್ನಕ್ಕಿಟ್ಟು ಹೊರಟರೆ ಅದು ಬೇಯುವಷ್ಟರಲ್ಲಿ ಸುತ್ತಿ ಬರಬಹುದಾದ ಒಂದು ದ್ವೀಪ. ಈರುಳ್ಳಿಯಿಂದ ಹಿಡಿದು ಸೀಮೆಸುಣ್ಣದವರೆಗೆ ಎಲ್ಲ ದೋಣಿಯಲ್ಲೇ ಬರಬೇಕು. ಗಾಳಿ ಎದ್ದರೆ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ತರಕಾರಿ ಇಲ್ಲ. ಮೂರು ಹೊತ್ತೂ ಮೀನು ತಿನ್ನುವ ಊರಲ್ಲಿ ಕೊರಳಿಗೆ ಲಿಂಗ ಕಟ್ಟಿದ ಇವರು ಅನ್ನ, ಶೇಂಗಾಪುಡಿ ತಿಂದು ದಿನ ನೂಕಿದರು. ಆಮೇಲೆ ಜಾಂಬಿಯಾ ದೇಶದ ಕಸಾಮ ಅನ್ನುವ ಊರು. ಕೆಂಪು ಮಣ್ಣು, ತಗಡಿನ ಮಾಡಿನ ಕ್ವಾರ್ಟರ್ಸು, ಮನಸ್ಸು ಬಂದಾಗ ಬರುವ ಕರೆಂಟು. ಅಲ್ಲಿಯ ಜನ ದೊಡ್ಡವರನ್ನ ಮರ್ಯಾದೆಯಿಂದ ಕರೆಯಬೇಕಾದರೆ ಹೆಸರಿನ ಮುಂದೆ 'ಬಾ' ಹಚ್ಚುತ್ತಾರಂತೆ. ಕ್ಲಾಸಿನ ಮಕ್ಕಳು "ಬಾ ಟೀಚರ್" ಅಂದಾಗಲೆಲ್ಲ ಗಂಗಾಶ್ರೀ ಹೊಸದರಲ್ಲಿ ಕುರ್ಚಿ ಬಿಟ್ಟೆದ್ದು ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ, ಮಕ್ಕಳು ಯಾಕೆ ಬಂದಳು ಇವಳು ಅಂತ ಕಕ್ಕಾಬಿಕ್ಕಿ. ವಿಡಿಯೋ ಕಾಲಿನಲ್ಲಿ ಇದನ್ನ ಹೇಳಿ ಹೇಳಿ ನಗುತ್ತಿದ್ದಳು. ಆಗ ನಗುತ್ತಿದ್ದಳು, ನೀಲಾಂಬಿಕಮ್ಮನಿಗೆ ಚೆನ್ನಾಗಿ ನೆನಪಿದೆ.

ಆ ಕಸಾಮದಲ್ಲೇ ಮೊಮ್ಮಗ ಚಂದು ತೀರಿಕೊಂಡ. ಇಟ್ಟ ಹೆಸರು ಚಂದ್ರಶೇಖರ, ಮುತ್ತಜ್ಜನದು. ನಾಲ್ಕು ವರ್ಷ ತುಂಬಿರಲಿಲ್ಲ. ಮಲೇರಿಯಾ ತಲೆಗೇರಿತು ಅಂದರು ಡಾಕ್ಟರು. ತಾಯಿಗೂ ಅದೇ ಜ್ವರ, ಇನ್ನೊಂದು ವಾರ್ಡಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳು ಕಣ್ಣು ಬಿಡುವಷ್ಟರಲ್ಲಿ ಮಗುವನ್ನ ಮಣ್ಣು ಮಾಡಿ ಆಗಿತ್ತು. ಕಾಂಟ್ರ್ಯಾಕ್ಟು ಮುಗಿಯುವವರೆಗೆ ಅಲ್ಲೇ ಪಾಠ ಹೇಳಿಕೊಂಡಿದ್ದು, ಹೋದ ಬೇಸಿಗೆಯಲ್ಲಿ ಗಂಡ, ಹೆಂಡತಿ, ದೊಡ್ಡ ಮಗಳು ಧನ್ಯಾ ಮೂವರೇ ಶಿಕಾರಿಪುರಕ್ಕೆ ಬಂದಿಳಿದರು. ಗಂಗಾಶ್ರೀ ಒಂದು ಪ್ರೈವೇಟ್ ಶಾಲೆಗೆ ಸೇರಿಕೊಂಡಳು. ಮಲ್ಲಿಕಾರ್ಜುನ್ ಬೇರೆ ದೇಶಗಳಿಗೆ ಅರ್ಜಿ ಹಾಕುತ್ತ ಅಪ್ಪನ ವ್ಯಾಪಾರಕ್ಕೆ ಕೈಜೋಡಿಸಿದ.

ಪರಮಶಿವಪ್ಪನದು ಮೆಕ್ಕೆಜೋಳದ ವ್ಯಾಪಾರ. ದಸರೆ ದಾಟಿತು ಅಂದರೆ ಶಿಕಾರಿಪುರದ ಸುತ್ತಮುತ್ತ ರಸ್ತೆ ಅಂಚೆಲ್ಲ ಹಳದಿ, ಲಾರಿ ಲಾರಿ ಜೋಳ ಒಣಗುತ್ತಿರುತ್ತೆ. ಊರಿನವರು ಅದನ್ನ ಬೆಳೆಯುತ್ತಾರೆ, ಮಾರುತ್ತಾರೆ, ತಿನ್ನುವುದಿಲ್ಲ. ಅದು ಹೋಗುವುದು ಕೋಳಿಫಾರಮ್ಮಿಗೆ. ಒಂದು ಭಾನುವಾರ ಗಂಗಾಶ್ರೀ ಅದೇ ಜೋಳವನ್ನ ಗಿರಣಿಯಲ್ಲಿ ಬೀಸಿಸಿಕೊಂಡು ಬಂದು ಕುದಿಯುವ ನೀರಿಗೆ ಸುರಿದು ತಿರುವತೊಡಗಿದಳು. ಬೆಳ್ಳಗೆ ಬರಬೇಕಿತ್ತು, ಇಲ್ಲಿಯ ಜೋಳಕ್ಕೆ ಹಳದಿಯಾಯಿತು ಅಂತ ತನ್ನಷ್ಟಕ್ಕೇ ಗೊಣಗಿದಳು. ಅಲ್ಲಿ ಇದಕ್ಕೆ ಶೀಮ ಅಂತಾರೆ, ಚಂದುಗೆ ಅನ್ನಕ್ಕಿಂತ ಇದೇ ಬೇಕಿತ್ತು ಅಂತ ಧನ್ಯಾ ವಿವರಿಸಿದಳು. ನೀಲಾಂಬಿಕಮ್ಮ ಮುದ್ದೆಯನ್ನ ಬೆರಳಲ್ಲಿ ಒತ್ತಿ ನೋಡಿ, ಕೋಳಿ ತಿನ್ನೋದನ್ನ ತಾಟಿಗೆ ಹಾಕಿದರೆ ನಾಳೆ ಓಣಿಯವರು ಏನಂದಾರು ಅಂತ ರೇಗಿದಳು. ಹಾಗಂದವಳೇ ಆ ಪುಟ್ಟ ಬಾಯಿಯ ನೆನಪಾಗಿ, ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು.

ಸತ್ತ ಮಗು ಆ ಮನೆಯಲ್ಲಿ ಓಡಾಡುತ್ತಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಓಡಾಡಿದ್ದರೆ ಎಷ್ಟೋ ವಾಸಿ ಇತ್ತು. ಮನೆಯೊಳಗೆ ಏನೋ ಒಂದು ಅಲುಗಾಡದೆ ಇತ್ತು. ಧನ್ಯಾ ಹೊರಗಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತರೆ ಗಂಗಾಶ್ರೀ ಒಳಗಿಂದ ಓಡಿ ಬಂದು ಏಳು, ಅಲ್ಲಿ ಹಾಗೆ ಕೂರಬೇಡ, ಆಡೋಗು ಅಂತ ಎಬ್ಬಿಸುತ್ತಿದ್ದಳು. ನೀಲಾಂಬಿಕಮ್ಮ ಬೆಳಗ್ಗೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಸೊಸೆ ಆ ಕೋಣೆ ಬಿಟ್ಟು ಹಿತ್ತಲಿಗೆ ಹೋಗಿಬಿಡುವಳು. ಸಂಜೆ ದೀಪ ಹಚ್ಚುವ ಮುಂಚೆಯೇ ಕಿಟಕಿಗಳನ್ನೆಲ್ಲ ಮುಚ್ಚಿ ಒಂದು ಸೊಳ್ಳೆ ಉಳಿಯದ ಹಾಗೆ ಬ್ಯಾಟು ಬೀಸುತ್ತ ಮೂಲೆಮೂಲೆ ಸುತ್ತುವಳು. ಆ ಬ್ಯಾಟಿನ ಚಟಚಟ ಕೇಳಿದರೆ ನೀಲಾಂಬಿಕಮ್ಮನಿಗೆ ಮೈ ಜುಂ ಅನ್ನುತ್ತಿತ್ತು. ಆಗೆಲ್ಲ ಅವಳು ಬೇಕಂತಲೇ ಜೋರಾಗಿ ಟಿವಿ ಹಾಕುತ್ತಿದ್ದಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಲ್ಲಿಕಾರ್ಜುನನಿಗೆ ಮಾಲ್ಡೀವ್ಸಿನಿಂದ ಮತ್ತೆ ಕರೆ ಬಂತು. ಹಳೆಯ ದ್ವೀಪವಲ್ಲ, ಇನ್ನೊಂದು, ಸ್ವಲ್ಪ ದೊಡ್ಡದು. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಧನ್ಯಾಳಿಗೆ ಅಲ್ಲೇ ಶಾಲೆ, ಜನವರಿಗೆ ಸೇರಬೇಕು. ರಾತ್ರಿ ಊಟಕ್ಕೆ ಕೂತಾಗ ಅವನು ಇದನ್ನ ಹೇಳಿದ. ಪರಮಶಿವಪ್ಪನಿಗೆ ಖುಷಿಯಾಯಿತು. ನೀಲಾಂಬಿಕಮ್ಮ ಎಲ್ಲರ ತಾಟಿಗೂ ಇನ್ನೊಂದು ಸೌಟು ಎಣಗಾಯಿ ಹಾಕಿದಳು.

"ನೀವು ಹೋಗಿ," ಅಂದಳು ಗಂಗಾಶ್ರೀ. "ನಾನು ಕಸಾಮಕ್ಕೆ ಹೋಗ್ತೀನಿ. ಹೆಡ್ ಮೇಡಂ ಹತ್ರ ಮಾತಾಡಿದೀನಿ. ಜನವರಿಗೆ ಬಾ ಅಂದಿದಾರೆ."

ಮಲ್ಲಿಕಾರ್ಜುನ್ ಕೈಯಲ್ಲಿದ್ದ ರೊಟ್ಟಿಯನ್ನ ತಾಟಿಗಿಟ್ಟ. "ಆ ಊರಿಗೆ ನಾನು ಮತ್ತೆ ಕಾಲಿಡಲ್ಲ ಅಂತ ನಿಂಗೊತ್ತು."

"ನಿಮ್ಮನ್ನ ಕರೀಲಿಲ್ಲವಲ್ಲ."

"ಮತ್ತೆ ಧನ್ಯಾ?"

"ಯಾರ ಜೊತೆ ಬರ್ತಾಳೋ ಅವಳನ್ನೇ ಕೇಳಿ."

ಇದ್ಯಾವ ಊರ ನ್ಯಾಯ ಅಂತ ನೀಲಾಂಬಿಕಮ್ಮ ಸಿಡಿದೆದ್ದಳು. ಗಂಡ ಒಂದು ಸಮುದ್ರದಾಚೆ, ಹೆಂಡತಿ ಇನ್ನೊಂದು ಸಮುದ್ರದಾಚೆ, ಇದನ್ನ ಸಂಸಾರ ಅಂತಾರಾ ಅಂದಳು. ಸತ್ತವನಿಗೋಸ್ಕರ ಬದುಕಿರೋಳನ್ನ ಬಿಡ್ತೀಯಾ ಅಂತಲೂ ಅಂದುಬಿಟ್ಟಳು, ಆ ಮಾತು ಬಾಯಿ ದಾಟಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಗಾಶ್ರೀ ತಾಟು ತೊಳೆದಿಟ್ಟು ಸೊಳ್ಳೆಯ ಬ್ಯಾಟು ಕೈಗೆತ್ತಿಕೊಂಡಳು. ಪಾಪ, ಧನ್ಯಾ ಒಬ್ಬಳೇ ತಾಟಿನ ಮುಂದೆ ಕೂತಿದ್ದಳು. ಅವಳನ್ನ ಅಜ್ಜ ಮೆಲ್ಲಗೆ ಕೇಳಿದ್ದಕ್ಕೆ, "ನಾನು ಇಲ್ಲೇ ಇರ್ತೀನಿ ಅಜ್ಜ. ಇಬ್ರಲ್ಲಿ ಒಬ್ರಾದ್ರೂ ವಾಪಸ್ ಬರ್ತಾರಲ್ಲ," ಅಂದಳು.

ಅವತ್ತಿನಿಂದ ನೀಲಾಂಬಿಕಮ್ಮ ಒಂದು ಹಟ ಹಿಡಿದಳು. ಸೊಸೆಗೆ ಹೇಳಿ ಪ್ರಯೋಜನವಿಲ್ಲ, ಮೊಮ್ಮಗಳಾದರೂ ಮನುಷ್ಯರ ಹಾಗೆ ಬೆಳೆಯಲಿ. ಆ ಹುಡುಗಿಗೋ ಶಿಕಾರಿಪುರವೇ ಹೊಸ ದೇಶ. ಎಡಗೈಯಲ್ಲಿ ಪ್ರಸಾದ ತೆಗೆದುಕೊಳ್ಳುವುದು, ದೊಡ್ಡವರ ಮುಂದೆ ಕಾಲ ಮೇಲೆ ಕಾಲು ಹಾಕುವುದು, ಮಾತಿನ ನಡುವೆ ಅಲ್ಲಿಯದೊಂದು ಇಲ್ಲಿಯದೊಂದು ಶಬ್ದ ಸೇರಿಸುವುದು. ನೀಲಾಂಬಿಕಮ್ಮ ಅವಳನ್ನ ಹಿಡಿದು ಕೂರಿಸಿ ಎಲ್ಲಿಂದ ಹೊರಟರೂ "ಬರ್ತೀನಿ" ಅನ್ನಬೇಕು, ಜೋರಾಗಿ ಅನ್ನಬೇಕು, ಮನೆಯವರಿಗೆಲ್ಲ ಕೇಳಿಸಬೇಕು ಅಂತ ಪಾಠ ಮಾಡಿದಳು. ಧನ್ಯಾ ಟೀಚರ ಮಗಳಲ್ಲವೇ, ಹೇಳಿಕೊಟ್ಟ ಪಾಠವನ್ನ ಚಾಚೂ ತಪ್ಪದೆ ಕಲಿತಳು. ಹಾಲಿನವಳ ಮನೆಯಿಂದ ಹೊರಡುವಾಗಲೂ ಹೇಳುತ್ತಿದ್ದಳು, ಗಿರಣಿಯಿಂದ ಹೊರಡುವಾಗಲೂ ಹೇಳುತ್ತಿದ್ದಳು. ನೀಲಾಂಬಿಕಮ್ಮ ಸೊಸೆಗೆ ಕೇಳಿಸಲಿ ಅಂತಲೇ ಅವಳನ್ನ ಹೊಗಳುತ್ತಿದ್ದಳು.

ಅಷ್ಟರಲ್ಲಿ ಹೊಸಬಾಳೆಯಿಂದ ಸುದ್ದಿ ಬಂತು. ಸೊರಬದ ಕಡೆಯ ಹೊಸಬಾಳೆ ನೀಲಾಂಬಿಕಮ್ಮನ ತವರು. ಅಲ್ಲಿ ಅವಳ ಅಣ್ಣ ರಾಜಪ್ಪ ತೀರಿಕೊಂಡಿದ್ದ. ವಯಸ್ಸಾಗಿತ್ತು, ಹಾಸಿಗೆ ಹಿಡಿದು ವರ್ಷವಾಗಿತ್ತು, ಎಲ್ಲರೂ ಕಾದಿದ್ದ ಸಾವೇ. ಮಲ್ಲಿಕಾರ್ಜುನ್ ಮಂಡಿಯಲ್ಲಿ ಜೋಳ ತೂಗಿಸುವುದಿದೆ ಅಂತ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ ಅವನು ಕಸಾಮದಿಂದ ಬಂದ ಮೇಲೆ ಯಾವ ಮಣ್ಣಿಗೂ ಹೋಗುತ್ತಿರಲಿಲ್ಲ. ಉಳಿದ ನಾಲ್ವರು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋದರು.

ರಾಜಪ್ಪನನ್ನ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಹೊಲದಲ್ಲಿ ಕುಣಿ ತೋಡಿ, ಕೂತವನನ್ನ ಕೂತ ಹಾಗೇ ಇಳಿಸಿ, ಕೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ಮುಚ್ಚಿ ಅಯ್ಯನವರು ಕಾರ್ಯ ಮುಗಿಸಿದರು. ಗಂಗಾಶ್ರೀ ಹೊಲದ ಬದುವಿನ ಮೇಲೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬಾ ಅಂತ ನೀಲಾಂಬಿಕಮ್ಮ ತೋಳು ಹಿಡಿದರೆ ತೋಳು ತಣ್ಣಗಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಹೊರಡುವ ಹೊತ್ತು. ಜಗಲಿಯ ತುಂಬ ಹೆಂಗಸರು, ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಯಾರೂ ಯಾರಿಗೂ ಏನೂ ಹೇಳುವ ಹಾಗಿಲ್ಲ. ಅಂಥ ಮೌನದಲ್ಲಿ ಧನ್ಯಾ ಅಂಗಳಕ್ಕಿಳಿದು, ತಿರುಗಿ ನಿಂತು, ಅಜ್ಜಿ ಹೇಳಿಕೊಟ್ಟ ಹಾಗೆ ಎಲ್ಲರಿಗೂ ಕೇಳಿಸುವಂತೆ, "ಬರ್ತೀವಿ," ಅಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಶಿವಶಿವಾ ಅಂದರು. ನೀಲಾಂಬಿಕಮ್ಮನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎಲ್ಲ ಕಲಿಸಿದ ಮಹಾತಾಯಿ ಇದೊಂದನ್ನ ಹೇಳಿಕೊಡುವುದು ಮರೆತಿದ್ದಳು. ಏನಾದರೂ ಹೇಳಿ ಸರಿಮಾಡೋಣ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಗಾಶ್ರೀ ಮಗಳ ಕೆನ್ನೆಗೆ ಹೊಡೆದಳು. ಎಂದೂ ಮಕ್ಕಳ ಮೇಲೆ ಕೈ ಎತ್ತದವಳು. ಹೊಡೆದು, ಅದೇ ಕೈಯಿಂದ ಮಗಳನ್ನ ಎಳೆದು ಅವುಚಿಕೊಂಡು ರಸ್ತೆಯವರೆಗೆ ಓಡಿದಳು.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬಸ್ಸಿಗೆ ಕಾಯಬೇಕಾಯಿತು. ಬಿಕ್ಕುತ್ತಿದ್ದ ಧನ್ಯಾಳನ್ನ ಪರಮಶಿವಪ್ಪ ಮಂಡಕ್ಕಿ ಮಿರ್ಚಿ ಕೊಡಿಸುತ್ತೇನೆ ಅಂತ ಕರೆದುಕೊಂಡು ಹೋದ. ಸಿಮೆಂಟಿನ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಬಯ್ಯಬೇಕು ಅಂತ ನೀಲಾಂಬಿಕಮ್ಮ ಮಾತು ಜೋಡಿಸಿಕೊಳ್ಳುತ್ತಿದ್ದಳು.

"ನಾನೂ ಹಾಗೇ ಹೇಳಿ ಬಂದುಬಿಟ್ಟೆ ಅತ್ತೆ," ಅಂದಳು ಗಂಗಾಶ್ರೀ.

"ಎಲ್ಲಿ? ಏನು ಹೇಳಿದೆ?"

"ಚಂದು ಹತ್ರ. ಬರ್ತೀನಿ ಅಂತ."

ಅವಳು ಅಳದೆ ಹೇಳಿದಳು, ಬೋರ್ಡಿನ ಮೇಲೆ ಲೆಕ್ಕ ಬಿಡಿಸುವ ದನಿಯಲ್ಲಿ. ಕಸಾಮ ಬಿಡುವ ದಿನ ಸಾಮಾನು ಕಾರಿಗೆ ಹಾಕಿ ಆಗಿತ್ತು. ಹೆಡ್ ಮೇಡಂ ಮುಲೆಂಗ ಅವಳನ್ನ ಮಗುವಿನ ಸಮಾಧಿಗೆ ಕರೆದುಕೊಂಡು ಹೋದರು. ಆ ಜನ ಹೊರಡುವಾಗ ಉಳಿಯುವವರಿಗೆ ಶಾಲಪೋ ಅಂತಾರೆ, ನೀನಿಲ್ಲಿ ಚೆನ್ನಾಗಿರು ಅಂತ ಅರ್ಥ. ಮೇಡಂ ಮಣ್ಣು ಮುಟ್ಟಿ ಅಷ್ಟು ಹೇಳಿ ಹಗುರಾಗಿ ಎದ್ದು ನಡೆದರು. ಗಂಗಾಶ್ರೀಯೂ ಮಣ್ಣು ಮುಟ್ಟಿದಳು. ಬಾಯಿಗೆ ರೂಢಿಯಾದ ಮಾತಲ್ಲವೇ, ದಿನಾ ಶಾಲೆಗೆ ಹೊರಡುವಾಗ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಅವನಿಗೆ ಹೇಳುತ್ತಿದ್ದದ್ದೇ ಬಂತು. ಬರ್ತೀನಿ ಕಂದಾ.

"ನಾನು ಬರ್ತೀನಿ ಅಂತ ಹೇಳಿ ಹೋದ್ರೆ ಅವನು ಆ ಮೆಟ್ಟಿಲು ಬಿಟ್ಟು ಏಳ್ತಿರಲಿಲ್ಲ ಅತ್ತೆ. ಕೆಲಸದವಳು ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲವಂತೆ. ನಾನು ಬರೋವರೆಗೆ ಕೂತೇ ಇರೋನು." ಒಂದು ಬಸ್ಸು ಬಂದು ಹೋಯಿತು, ಇವರದಲ್ಲ. "ಮಲಗಿಸಿದ್ರೆ ನಿದ್ದೆ ಮಾಡ್ತಿದಾನೆ ಅಂತಾದ್ರೂ ಅಂದ್ಕೊತಿದ್ದೆ. ಕೂರಿಸಿದೀವಲ್ಲ. ಕಾಯ್ತಾ ಕೂತಿದಾನೆ."

ನೀಲಾಂಬಿಕಮ್ಮ ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಮಗುವನ್ನ ಕೂರಿಸಿದ್ದು ಯಾರು? ಅವಳೇ. ಶಿಕಾರಿಪುರದ ಈ ಮನೆಯಿಂದ ಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದಳು. ಲಿಂಗ ಕಟ್ಟಿದ ಮಗು ಅದು, ದಿಕ್ಕಿಲ್ಲದ ಹೆಣದ ಹಾಗೆ ಮಲಗಿಸಬೇಡ, ಆಳಕ್ಕೆ ತೋಡಿಸು, ಕೂರಿಸು, ಕೈಯಲ್ಲಿ ಲಿಂಗ ಇಡು ಅಂದಿದ್ದಳು. ಮಳೆ ಹಿಡಿದಿದೆ ಅವ್ವ, ಇಲ್ಲಿ ಯಾರಿಗೂ ಈ ಪದ್ಧತಿ ಗೊತ್ತಿಲ್ಲ ಅಂತ ಮಲ್ಲಿಕಾರ್ಜುನ್ ಅಳುತ್ತ ಹೇಳಿದ್ದಕ್ಕೆ, ಗೊತ್ತಿಲ್ಲದಿದ್ದರೆ ನೀನು ಹೇಳಿಕೊಡು, ಮೇಷ್ಟ್ರಲ್ಲವಾ ನೀನು ಅಂದಿದ್ದಳು. ಮರುದಿನ ಅವನು ಫೋನು ಮಾಡಿ ಒಂದೇ ಮಾತು ಹೇಳಿದ, ಕೂರಿಸಿದ್ವಿ ಅವ್ವ ಅಂತ. ಪರದೇಶದಲ್ಲೂ ಮಗ ಪದ್ಧತಿ ಬಿಡಲಿಲ್ಲ ಅಂತ ಅವಳು ಓಣಿಯವರ ಮುಂದೆ ಕಣ್ಣೊರೆಸಿಕೊಂಡು ಹೇಳಿಕೊಂಡಿದ್ದಳು. ಹಾಗೆ ಹೇಳಿಕೊಳ್ಳುವಾಗ ಒಂಥರಾ ಹೆಮ್ಮೆಯೂ ಆಗಿತ್ತು.

ಬಸ್ಸು ಬಂತು, ಹತ್ತಿದರು. ಧನ್ಯಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಶಿಕಾರಿಪುರ ಮುಟ್ಟುವವರೆಗೆ ನೀಲಾಂಬಿಕಮ್ಮನಿಗೆ ಕಂಡಿದ್ದು ಒಂದೇ: ನೆಲದ ಕೆಳಗೆ ಒಂದು ಪುಟ್ಟ ಬೆನ್ನು, 'ಬರ್ತೀನಿ' ಅಂದವಳ ದಾರಿ ನೋಡುತ್ತ.

ಮಾರನೇ ದಿನ ಅವಳು ಮಠದ ಅಯ್ಯನವರ ಹತ್ತಿರ ಹೋದಳು. ಮಗು ಲಿಂಗದಲ್ಲಿ ಒಂದಾಗಿ ಹೋಗಿದೆ ತಾಯಿ, ಅಲ್ಲಿ ಕೂತವರೂ ಇಲ್ಲ, ಕಾಯುವವರೂ ಇಲ್ಲ ಅಂತ ಅವರು ಬಿಡಿಸಿ ಹೇಳಿದರು. ಅದನ್ನ ಅವಳು ಸೊಸೆಗೆ ಬಂದು ಒಪ್ಪಿಸಿದಳು. ಗಂಗಾಶ್ರೀ ಪೂರ್ತಿ ಕೇಳಿಸಿಕೊಂಡು, "ಅಯ್ಯನವರಿಗೆ ಮಕ್ಕಳಿಲ್ಲ ಅಲ್ವಾ ಅತ್ತೆ," ಅಂದಳು. ಕುಹಕವೇನಿರಲಿಲ್ಲ ಆ ಮಾತಿನಲ್ಲಿ, ಸುಮ್ಮನೆ ಕೇಳಿದಳು. ಆಮೇಲೆ ಕಸಾಮಕ್ಕೆ ತೆಗೆದುಕೊಂಡು ಹೋಗಲು ಸಾಂಬಾರ ಪುಡಿಗೆ ಮೆಣಸಿನಕಾಯಿ ಬಿಸಿಲಿಗೆ ಹರವಿದಳು. ಮಲ್ಲಿಕಾರ್ಜುನನೂ ತನ್ನ ಪೆಟ್ಟಿಗೆ ಕೆಳಗಿಳಿಸಿದ್ದ. ಗಂಡ ಹೆಂಡತಿಯ ನಡುವೆ ಮಾತು ಅಂದರೆ ಈಗ ಧನ್ಯಾಳ ಟ್ಯೂಷನ್ನು, ಗ್ಯಾಸ್ ಸಿಲಿಂಡರು ಇಷ್ಟೇ. ಒಂದು ಮನೆಯಲ್ಲಿ ಎರಡು ಪ್ರಯಾಣಕ್ಕೆ ಎರಡು ಥರದ ಚಟ್ನಿಪುಡಿ ಮಾಡುತ್ತ ನೀಲಾಂಬಿಕಮ್ಮನಿಗೆ ಕೈ ಸೋತುಹೋಯಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಅವಳು ಒದ್ದೆ ಕೈಯನ್ನ ಸೆರಗಿಗೆ ಒರೆಸಿಕೊಳ್ಳುತ್ತ ಮಂಡಿಯ ಕಣಕ್ಕೆ ಹೋದಳು. ಮಲ್ಲಿಕಾರ್ಜುನ್ ಪ್ಯಾಂಟು ಮಡಿಚಿಕೊಂಡು ಒಣಗಲು ಹಾಕಿದ ಜೋಳದೊಳಗೆ ಕಾಲೆಳೆದು ನಡೆಯುತ್ತ ಕಾಳು ಮಗುಚುತ್ತಿದ್ದ. ಅವನ ಕಾಲು ಹೋದಲ್ಲೆಲ್ಲ ಗೆರೆ ಬೀಳುತ್ತಿತ್ತು. ಸುತ್ತ ಯಾರೂ ಇಲ್ಲದ್ದನ್ನ ನೋಡಿಕೊಂಡು ನೀಲಾಂಬಿಕಮ್ಮ ಕಾಳಿನ ಅಂಚಿಗೆ ಬಂದು ನಿಂತಳು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಅವನು ನಡೆಯುವುದನ್ನ ನಿಲ್ಲಿಸಲಿಲ್ಲ.

"ಮಲ್ಲು, ಅವಳಿಗೆ ಒಂದು ಮಾತು ಹೇಳು. ಮಗೂನ ಮಲಗಿಸಿದ್ದು ಅಂತ ಹೇಳು."

ಅವನು ನಿಂತ. "ಕೂರಿಸು ಅಂದಿದ್ದು ನೀನೇ ಅವ್ವ."

"ನಾನೇ. ಈಗ ಹೇಳ್ತಿರೋಳೂ ನಾನೇ. ಮಳೆ ಇತ್ತು, ಕುಣೀಲಿ ನೀರು ಬಂತು, ಆಳ ತೋಡೋಕಾಗಲಿಲ್ಲ, ಅವ್ವನಿಗೆ ಹೆದರಿ ಸುಳ್ಳು ಹೇಳಿದೆ ಅನ್ನು. ಪದ್ಧತಿ ತಪ್ಪಿದ ಪಾಪ ನನ್ನ ತಲೆ ಮೇಲಿರ್ಲಿ."

ಎಪ್ಪತ್ತು ದಾಟಿದ ಹೆಂಗಸು, ಒಂದು ದಿನ ಲಿಂಗಪೂಜೆ ತಪ್ಪಿಸಿದವಳಲ್ಲ, ನೀರು ಕೂಡ ಪೂಜೆಯಾಗದೆ ಮುಟ್ಟಿದವಳಲ್ಲ, ಮಗನಿಗೆ ಸುಳ್ಳು ಹೇಳಿಕೊಡುತ್ತಿದ್ದಳು. ಮಲ್ಲಿಕಾರ್ಜುನ್ ಮತ್ತೆ ಕಾಳಿನಲ್ಲಿ ನಡೆಯತೊಡಗಿದ. ಆ ತುದಿಗೆ ಹೋದ, ಈ ತುದಿಗೆ ಬಂದ.

"ಸುಳ್ಳು ಹೇಳೋದೇನೂ ಬೇಕಿಲ್ಲ ಅವ್ವ," ಅಂದ. "ಮಲಗಿಸೇ ಇದ್ದಿದ್ದು."

ನೀಲಾಂಬಿಕಮ್ಮ ಅವನ ಮುಖ ನೋಡಿದಳು. ಅವನು ಕಾಳು ನೋಡುತ್ತಿದ್ದ. ನಿಜ ಹೇಳಿದನೋ, ತಾಯಿ ಹೇಳಿಕೊಟ್ಟ ಪಾಠವನ್ನ ತಾಯಿಗೇ ಒಪ್ಪಿಸಿದನೋ, ಗೊತ್ತಾಗಲಿಲ್ಲ. ಕಾಲಿಗೆ ಅಂಟಿದ ಧೂಳು ಕೊಡವಿಕೊಂಡು ಮನೆಗೆ ಬಂದಳು.

ಅವತ್ತೇ ರಾತ್ರಿ ಊಟದ ಹೊತ್ತಿಗೆ ಅವನು ಹೆಂಡತಿಗೆ ಹೇಳಿದ. ಮಳೆ, ನೀರು, ಅವ್ವನ ಹೆದರಿಕೆ, ಎಲ್ಲ ನೀಲಾಂಬಿಕಮ್ಮ ಹೇಳಿದ ಹಾಗೇ. ಗಂಗಾಶ್ರೀ ಸೌಟನ್ನ ಪಾತ್ರೆಯಲ್ಲಿ ಬಿಟ್ಟಳು.

"ಯಾವ ಕಡೆ ಮುಖ ಮಾಡಿ?"

"ಬಲಮಗ್ಗುಲು. ಅವನು ಹಾಗೇ ಮಲಗ್ತಿದ್ದಿದ್ದಲ್ವಾ."

"ತಲೆ ಕೆಳಗೆ ಏನಿತ್ತು?"

"ನಿನ್ನ ಹಸಿರು ಶಾಲು. ಮಡಿಸಿ ಇಟ್ಟೆ. ಅರ್ಧ ಹೊದಿಸಿದೆ."

"ಅದು ಕಳೆದುಹೋಯ್ತು ಅಂದ್ಕೊಂಡಿದ್ದೆ," ಅಂದಳು ಗಂಗಾಶ್ರೀ. "ಇಷ್ಟು ದಿನ ಯಾಕೆ ಹೇಳಲಿಲ್ಲ?"

ಮಲ್ಲಿಕಾರ್ಜುನ್ ಅವ್ವನ ಕಡೆ ನೋಡಿದ. ಅವಳು ಅತ್ತೆಯ ಕಡೆ ತಿರುಗಿದಳು, ಪದ್ಧತಿ ಮುರಿದದ್ದಕ್ಕೆ ಈಗ ಮನೆಗೆ ಬೆಂಕಿ ಬೀಳುತ್ತೆ ಅಂತ ಕಾದಳು. ನೀಲಾಂಬಿಕಮ್ಮ ಎಲ್ಲರ ಅನ್ನದ ಮೇಲೂ ತುಪ್ಪ ಹಾಕುತ್ತ ಬಂದಳು. ಮಗನ ತಾಟಿನ ಹತ್ತಿರ ಬಂದಾಗ, "ಒಳ್ಳೇದು ಮಾಡಿದೆ," ಅಂದಳು. ಆಗ ಗಂಗಾಶ್ರೀ ಅತ್ತಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಗಂಟಲು ಬಿಟ್ಟು ಅತ್ತಳು. ಧನ್ಯಾ ಎದ್ದು ಹೋಗಿ ತಾಯಿಯ ಬೆನ್ನಿಗೆ ಆತುಕೊಂಡಳು. ಅತ್ತು ಮುಗಿದ ಮೇಲೆ ಗಂಗಾಶ್ರೀ ಆರಿದ ಅನ್ನ ಕಲಸಿಕೊಂಡು ಪೂರ್ತಿ ಉಂಡಳು, ಇನ್ನೊಂದು ಸಲ ಸಾರು ಹಾಕಿಸಿಕೊಂಡಳು.

ಮರುದಿನ ಬಿಸಿಲು ಅಂಗಳಕ್ಕೆ ಬಂದರೂ ಅವಳು ಎದ್ದಿರಲಿಲ್ಲ. ಎಬ್ಬಿಸಬೇಡ ಅಂತ ನೀಲಾಂಬಿಕಮ್ಮ ಧನ್ಯಾಳಿಗೆ ಕಣ್ಣಲ್ಲೇ ಹೇಳಿದಳು. ಎದ್ದ ಮೇಲೆ ಗಂಗಾಶ್ರೀ ಮುಲೆಂಗ ಮೇಡಂಗೆ ಫೋನು ಮಾಡಿ ಬರುವುದಿಲ್ಲ ಅಂತ ತಿಳಿಸಿದಳು, ತುಂಬ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದಳು, ಮಾತಿನ ನಡುವೆ ಒಮ್ಮೆ ನಕ್ಕಳು. ಶಾಲೆಗೆ ಹೊರಡುವಾಗ ಗೇಟಿನ ಹತ್ತಿರ ನಿಂತು, "ಹೊರಟೆ ಅತ್ತೆ," ಅಂದಳು. ಅಷ್ಟಾದರೂ ಅಂದಳಲ್ಲ ಅಂತ ನೀಲಾಂಬಿಕಮ್ಮ ಒಲೆಯ ಮುಂದಿನಿಂದಲೇ ಹೂಂ ಅಂದಳು.

ಜನವರಿಯಲ್ಲಿ ಮೂವರೂ ಒಟ್ಟಿಗೆ ಮಾಲ್ಡೀವ್ಸಿಗೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಕಾರ್ಜುನ್ ಕಾಲಿಗೆ ಬೀಳಲು ಬಗ್ಗಿದಾಗ ನೀಲಾಂಬಿಕಮ್ಮ ಅವನ ಭುಜ ಹಿಡಿದು, ಬೇರೆ ಯಾರಿಗೂ ಕೇಳದ ಹಾಗೆ ನಿಜ ಹೇಳು ಮಲ್ಲು ಅಂತ ಪಿಸುಗುಟ್ಟಿದಳು.

"ಮಲಗಿದಾನೆ ಅವ್ವ," ಅಂದ ಅವನು. ಕೂರಿಸಿದ್ವಿ ಅವ್ವ ಅಂತ ಅವತ್ತು ಫೋನಿನಲ್ಲಿ ಹೇಳಿದ್ದನಲ್ಲ, ಅದೇ ದನಿ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಮನೆ ಖಾಲಿಯಾಯಿತು, ಸದ್ದು ನಿಂತಿತು. ಸೊಸೆಗಂತೂ ನಿದ್ದೆ ಬಂತು, ಆ ದ್ವೀಪದಲ್ಲೂ ಚೆನ್ನಾಗಿ ನಿದ್ದೆ ಮಾಡುತ್ತಾಳೆ ಅಂತ ಧನ್ಯಾ ಫೋನಿನಲ್ಲಿ ಹೇಳಿದಳು. ಬಾರದೆ ಹೋದದ್ದು ನೀಲಾಂಬಿಕಮ್ಮನಿಗೆ. ಮಗು ಮಲಗಿದ್ದರೆ ಸರಿ. ಮಲಗಿಲ್ಲದಿದ್ದರೆ? ಬರ್ತೀನಿ ಅಂದವಳು ಹೊರಟು ನಿಂತಿದ್ದಳು, ಆ ಹೊರಟವಳನ್ನ ತಡೆದವಳು ತಾನು. ಬೆಳಗ್ಗೆ ಪೂಜೆಗೆ ಕೂತರೆ ಅಂಗೈ ಲಿಂಗದ ಮೇಲೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಆ ಪುಟ್ಟ ಬೆನ್ನು ಎದುರಿಗೆ ಬಂದು ಕೂರುವುದು. ಮಲಗು ಕಂದಾ, ಮಲಗು ಅಂತ ಅವಳು ಮಂತ್ರದ ಬದಲು ಅದನ್ನೇ ಹೇಳುತ್ತ ಕೂರುವಳು.

ಒಂದು ದಿನ ಹಾಗೆ ಪೂಜೆ ಮುಗಿಸಿ ಎದ್ದು ಬಂದು ಪರಮಶಿವಪ್ಪನಿಗೆ ಕಾಫಿ ಕೊಟ್ಟಳು. ಕೊಟ್ಟು ಅಲ್ಲೇ ನಿಂತಳು.

"ಏನ್ರೀ, ನಾನು ಹೋದ್ರೆ ನನ್ನನ್ನ ಕೂರಿಸಬೇಡಿ. ಮಲಗಿಸಿಬಿಡಿ."

ಪರಮಶಿವಪ್ಪ ತಬ್ಬಿಬ್ಬಾದ. "ಬುದ್ಧಿ ನೆಟ್ಟಗೈತಾ ನಿಂಗೆ? ನಮ್ಮ ಮನೆತನದಾಗೆ ಯಾರನ್ನ ಮಲಗಿಸ್ಯಾರೆ?"

"ಚಂದೂನ," ಅಂದಳು ನೀಲಾಂಬಿಕಮ್ಮ. "ಅವನೊಬ್ಬನೇ ಆಗಬಾರದು."

ಪರಮಶಿವಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಲೋಟ ಕೆಳಗಿಟ್ಟು, ಆಯ್ತು ಅಂದ.